ಮುಂಗುರುಳು ಚೆಂದ, ಗುಂಗುರು ಮಾತ್ರ ಬೇಡ!

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮಗಳಿಗೆ 25 ವರ್ಷ, ಬೆಂಗಳೂರಿನಲ್ಲಿ ಕೆಲಸ. ವೈಶಾಖದಲ್ಲಿ ಮದುವೆ. ಅವಳದು ಗುಂಗುರು ಕೂದಲು. ನನಗಾಗಲಿ ನಮ್ಮೆಜಮಾನರಿಗಾಗಲಿ ಹಾಗಿಲ್ಲ, ಎಲ್ಲಿಂದ ಬಂತೋ ಗೊತ್ತಿಲ್ಲ. ಹುಡುಗನ ಅಕ್ಕ ಮೊನ್ನೆ ಫೋನಿನಲ್ಲಿ, 'ಮದುವೆಗೆ ಮುಂಚೆ ಸ್ಮೂದನಿಂಗ್ ಮಾಡಿಸಿಬಿಡಿ ಆಂಟಿ, ಜಡೆ ಹಾಕೋಕೂ ಸುಲಭ, ಫೋಟೋದಲ್ಲೂ ಚೆನ್ನಾಗಿ ಬರುತ್ತೆ' ಅಂದರು. ಶಿವಮೊಗ್ಗದ ಒಂದು ಪಾರ್ಲರಿನಲ್ಲಿ ವಿಚಾರಿಸಿದೆ. 'ಕೆಮಿಕಲ್ಲೇ ಇಲ್ಲ, ಬರೀ ಕೆರಾಟಿನ್' ಅಂದರು. ಮಗಳು ಸುತಾರಾಂ ಒಪ್ಪುತ್ತಿಲ್ಲ. ಅದು ಸಾಲದು ಅಂತ ಒಂದು ವರ್ಷದಿಂದ ಮೊಬೈಲಿನಲ್ಲಿ ಏನೇನೋ ನೋಡಿಕೊಂಡು ತಲೆ ಬಾಚುವುದನ್ನೇ ಬಿಟ್ಟಿದ್ದಾಳೆ. ನಮ್ಮತ್ತೆ 'ಬಾಚದ ತಲೆ ಮನೆಗೆ ದರಿದ್ರ' ಎಂದು ಗೊಣಗುತ್ತಾರೆ. ಮಾಡಿಸುವುದು ಸುರಕ್ಷಿತವೇ? ಬಾಚದಿರುವುದು ಸರಿಯೇ? ನಾನು ಯಾರ ಮಾತು ಕೇಳಲಿ?

ಉತ್ತರ: ಮೂರನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸ್ಮೂದನಿಂಗ್, ಎಂದರೆ ಕೂದಲು ನೇರ ಮಾಡಿಸುವ ವಿಷಯದಲ್ಲಿ ಮಗಳ ಮಾತು ಕೇಳಿ. ಬಾಚುವ ವಿಷಯದಲ್ಲಿ ಅವಳು ಮುಕ್ಕಾಲು ಪಾಲು ಸರಿ, ನಿಮ್ಮ ಅತ್ತೆಯವರು ಕಾಲು ಪಾಲು ಸರಿ. ಹುಡುಗನ ಅಕ್ಕ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಜಡೆಯ ಬಗ್ಗೆ ಅವರು ಹೇಳಿದ್ದು ಉಲ್ಟಾ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಶಿವಮೊಗ್ಗದಲ್ಲಿ 22 ವರ್ಷದಿಂದ ಚರ್ಮ ಮತ್ತು ಕೂದಲಿನ ವೈದ್ಯೆ. ಈ ವಿಷಯದಲ್ಲಿ ಮಾತಾಡಲು ಡಿಗ್ರಿಗಿಂತ ಮುಂಚೆ ನನಗಿರುವ ಅರ್ಹತೆ ನನ್ನ ತಲೆಯೇ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಭಾನುವಾರ ಎಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ಹಂಡೆ ನೀರು, ಸೀಗೆಕಾಯಿ, ಕಣ್ಣುರಿ, ಅಲ್ಲಿಯವರೆಗೆ ಸರಿ. ಆಮೇಲೆ ಬಚ್ಚಲ ಒಲೆಯ ಮುಂದೆ ಕೂತು ಕೂದಲು ಪೂರ್ತಿ ಒಣಗಿಸಬೇಕು. ಒಣಗಿದ ಮೇಲೆ ಅಮ್ಮ ನನ್ನನ್ನು ಮೊಣಕಾಲುಗಳ ಮಧ್ಯೆ ಹಿಡಿದು ಕೂರಿಸಿ ನೆತ್ತಿಯಿಂದ ಬಾಚಣಿಗೆ ಎಳೆಯುತ್ತಿದ್ದಳು. ಅರ್ಧ ದಾರಿಯಲ್ಲಿ ಅದು ನಿಲ್ಲುತ್ತಿತ್ತು. ಅಮ್ಮ ಬಿಡುತ್ತಿರಲಿಲ್ಲ. ಟಕ್ ಎಂದು ಒಂದು ಹಲ್ಲು ಮುರಿದು ಒಲೆಯ ಬೂದಿಗೆ ಹಾರಿ ಬೀಳುತ್ತಿತ್ತು. 'ಇದು ಕೂದಲಲ್ಲ ಮಾರಾಯ್ತಿ, ಮುಳ್ಳುಹಂಬು!' ಅಮ್ಮನ ಕಣ್ಣಲ್ಲಿ ಸಿಟ್ಟು, ನನ್ನ ಕಣ್ಣಲ್ಲಿ ನೀರು, ನೆಲದ ಮೇಲೆ ಒಂದು ಹಿಡಿ ಕೂದಲು. ಶಾಲೆಯಲ್ಲಿ ನನ್ನ ಹೆಸರು 'ಸಾಯಿಬಾಬಾ'. ಈಗಿನ ಮಕ್ಕಳಿಗೆ 'ಮ್ಯಾಗಿ' ಅನ್ನುತ್ತಾರಂತೆ. ಹೆಸರು ಬದಲಾಗಿದೆ ಅಷ್ಟೆ.

ಅಮ್ಮ ಮಾಡಿದ್ದರಲ್ಲಿ ಏನು ತಪ್ಪಿತ್ತು ಎಂದು ನನಗೆ ಗೊತ್ತಾಗಿದ್ದು ಎಂಬಿಬಿಎಸ್ ಮುಗಿಸಿ ಚರ್ಮಶಾಸ್ತ್ರ ಓದುವಾಗ.

ಶಾವಿಗೆ ಒತ್ತುವ ಒರಳು ನಿಮ್ಮ ಮನೆಯಲ್ಲಿದೆಯಲ್ಲ, ಅದನ್ನು ನೆನಪಿಸಿಕೊಳ್ಳಿ. ಎಳೆ ಯಾವ ಆಕಾರದಲ್ಲಿ ಹೊರಗೆ ಬರಬೇಕು ಎಂಬುದನ್ನು ಅಚ್ಚಿನ ತೂತು ತೀರ್ಮಾನಿಸುತ್ತದೆ. ಕೂದಲೂ ಹಾಗೆಯೇ. ನೆತ್ತಿಯ ಚರ್ಮದೊಳಗೆ ಕೂದಲು ಹುಟ್ಟುವ ಗುಳಿಗೆ ನಾವು ಫಾಲಿಕಲ್ ಎನ್ನುತ್ತೇವೆ. ಅದು ನೆಟ್ಟಗಿದ್ದರೆ ಕೂದಲು ನೇರ. ಬುಡದಲ್ಲಿ ಬಾಗಿದ್ದರೆ ಕೂದಲಿನ ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇರೆ ರೀತಿ ಬೆಳೆದು ಎಳೆ ಸುರುಳಿಯಾಗಿಯೇ ಹೊರಬರುತ್ತದೆ. ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗೆ, ಗುಂಗುರು ಕೂದಲು ಚಪ್ಪಟೆಯಾಗಿ ಕಾಣುತ್ತದೆ. ಹೊರಗೆ ಬಂದ ಎಳೆಗೆ ನೀವು ಏನೇ ಮಾಡಿ, ಇಸ್ತ್ರಿ ಹಾಕಿ, ಔಷಧ ಹಚ್ಚಿ, ಒಳಗಿನ ಅಚ್ಚು ಹಾಗೇ ಇರುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಪಾರ್ಲರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕೂದಲಿನ ಮೇಲ್ಪದರ ನಮ್ಮ ಮನೆಗಳ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದಿಸಿದ ಚೂರುಗಳು. ನೇರ ಕೂದಲಿನಲ್ಲಿ ಹಂಚು ಮಟ್ಟಸವಾಗಿ ಕೂತಿರುತ್ತದೆ, ಬೆಳಕು ಬಿದ್ದರೆ ಮಿರಮಿರ ಹೊಳೆಯುತ್ತದೆ. ಗುಂಗುರು ಕೂದಲಿನ ಪ್ರತಿ ತಿರುವಿನಲ್ಲೂ ಅಂಚು ಸ್ವಲ್ಪ ಎದ್ದಿರುತ್ತದೆ. ಹೊಳಪು ಕಮ್ಮಿ ಕಾಣುವುದು ಅದಕ್ಕೆ. ಒಂದೆಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುವುದೂ ಅದಕ್ಕೇ. ನೆತ್ತಿಯಲ್ಲಿ ಹುಟ್ಟುವ ಸಹಜ ಎಣ್ಣೆ ನೇರ ಕೂದಲಿನಲ್ಲಿ ಜಾರಿಕೊಂಡು ತುದಿಯವರೆಗೂ ಹೋಗುತ್ತದೆ. ಗುಂಗುರಿನಲ್ಲಿ ಆಗುಂಬೆ ಘಾಟಿಯ ಬಸ್ಸಿನ ಹಾಗೆ ತಿರುವು ತಿರುವಿಗೂ ನಿಧಾನ. ಅದರಿಂದ ಬುಡ ಎಣ್ಣೆಯಾಗಿದ್ದರೂ ತುದಿ ಒಣ. ಇಂಥ ಕೂದಲನ್ನು ಪೂರ್ತಿ ಒಣಗಿಸಿ, ನೆತ್ತಿಯಿಂದ ಕೆಳಗೆ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆಯುವುದು ಎಂದರೆ ಹಂಚಿನ ಮೇಲೆ ಬೂಟು ಹಾಕಿ ನಡೆದಂತೆ. ನಮ್ಮಮ್ಮ ಹತ್ತು ವರ್ಷ ಅದನ್ನೇ ಮಾಡಿದಳು, ಪ್ರೀತಿಯಿಂದಲೇ. ಆಮೇಲೆ 'ನಿನ್ನ ಕೂದಲು ಒರಟು' ಅಂದಳು.

ಇನ್ನು ತೇವದ ಕತೆ. ಕೂದಲೊಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿಡುವ ಕೊಂಡಿಗಳಲ್ಲಿ ಒಂದು ಬಗೆಯವು ನೀರು ತಗುಲಿದರೆ ಬಿಚ್ಚಿಕೊಂಡು, ಒಣಗಿದರೆ ಮತ್ತೆ ಕೂಡಿಕೊಳ್ಳುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇದು ದಿನವಿಡೀ ನಡೆಯುತ್ತಲೇ ಇರುತ್ತದೆ. 1783ರಲ್ಲಿ ಸಸ್ಯೂರ್ ಎಂಬ ಸ್ವಿಸ್ ವಿಜ್ಞಾನಿ ಗಾಳಿಯ ತೇವ ಅಳೆಯುವ ಉಪಕರಣವನ್ನು ಮನುಷ್ಯರ ಕೂದಲಿನಿಂದಲೇ ಮಾಡಿದ್ದ. ತೇವಕ್ಕೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ, ಮುಳ್ಳು ಸರಿಯುತ್ತದೆ. ಜೂನ್ ತಿಂಗಳಿನಲ್ಲಿ ನಿಮ್ಮ ಮಗಳ ತಲೆ 'ಉಬ್ಬಿ ನಿಂತಿದೆ' ಎಂದರೆ ಅವಳ ಸೋಮಾರಿತನ ಅಂದುಕೊಳ್ಳಬೇಡಿ, ಅದು ಹವಾಮಾನ ವರದಿ.

ನಿಮ್ಮಿಬ್ಬರಿಗೂ ಇಲ್ಲದ್ದು ಮಗಳಿಗೆ ಎಲ್ಲಿಂದ ಬಂತು ಅಂದಿರಿ. ಇದಕ್ಕೆ ಒಂದೇ ವಂಶವಾಹಿ ಅಂತ ಇಲ್ಲ, ಹಲವು ಸೇರಿ ತೀರ್ಮಾನ ಮಾಡುತ್ತವೆ. ಒಂದು ತಲೆಮಾರಿನಲ್ಲಿ ಅಡಗಿದ್ದು ಮುಂದಿನದರಲ್ಲಿ ಕಾಣಿಸಿಕೊಳ್ಳಬಹುದು. ಆದರೆ ನನ್ನ ಅನುಮಾನ ಬೇರೆ. ಎರಡು ಮಳೆಗಾಲದ ಹಿಂದೆ ಹೊಸನಗರ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. 'ನಮ್ಮ ಪೈಕಿ ಯಾರಿಗೂ ಇಂಥ ತಲೆ ಇಲ್ಲ ಡಾಕ್ಟ್ರೇ, ಇದೇನು ಕಾಯಿಲೆಯಾ?' ಬಸ್ಸಿಳಿದು ಬರುವಷ್ಟರಲ್ಲಿ ಇಬ್ಬರೂ ನೆನೆದಿದ್ದರು. ಒರೆಸಿಕೊಳ್ಳಲು ಟವೆಲ್ ಕೊಟ್ಟೆ. ಅಜ್ಜಿ ತುರುಬು ಬಿಚ್ಚಿ ಕೊಡವಿದರು. ಕತ್ತಿನ ಹಿಂದೆ, ಕಿವಿಯ ಪಕ್ಕ, ಎಣ್ಣೆ ತಾಗದ ಸಣ್ಣ ಬಿಳಿ ಕೂದಲುಗಳೆಲ್ಲ ಉಂಗುರ ಉಂಗುರವಾಗಿ ಸುತ್ತಿಕೊಂಡವು. ಮೊಮ್ಮಗಳು ನೋಡಿದಳು, ನಾನು ನೋಡಿದೆ, ಅಜ್ಜಿ ಕನ್ನಡಿಯಲ್ಲಿ ನೋಡಿಕೊಂಡರು. ಎಪ್ಪತ್ತು ವರ್ಷ ದಿನಾ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಬಾಚಿ, ತುರುಬು ಕಟ್ಟಿ ಅವರಿಗೇ ತಮ್ಮ ಕೂದಲು ಎಂಥದ್ದೆಂದು ಮರೆತುಹೋಗಿತ್ತು. 'ನಮ್ಮವ್ವ ಬಯ್ಯೋಳು' ಅಂದರು, ಅಷ್ಟೇ. ನಿಮ್ಮ ಅತ್ತೆಯವರ ಕತ್ತಿನ ಹಿಂದೆ ಒಮ್ಮೆ ನೋಡಿ.

ಈಗ, ಗುಂಗುರು ಕೂದಲನ್ನು ಕಂಡರೆ ನಮ್ಮವರಿಗೆ ಯಾಕೆ ಇಷ್ಟು ಕಿರಿಕಿರಿ? ನೀವು ಇದನ್ನು ನೇರವಾಗಿ ಕೇಳಿಲ್ಲ. ಆದರೆ ಇದು ಗೊತ್ತಾಗದೆ ಅತ್ತೆಯವರ ಜೊತೆಗೂ ಬೀಗರ ಜೊತೆಗೂ ಮಾತಾಡಲು ನಿಮಗೆ ಕಷ್ಟ.

ಕನ್ನಡದಲ್ಲಿ ಹೆಣ್ಣಿನ ಮುಖದ ಚೆಲುವನ್ನು ವರ್ಣಿಸಲು ಹೊರಟವರು ಮುಂಗುರುಳನ್ನು ಬಿಟ್ಟದ್ದುಂಟೆ? ಹಳಗನ್ನಡದ 'ಕುರುಳ್' ಎಂದರೇ ಸುರುಳಿಗೂದಲು. ಕೃಷ್ಣನ ಮುಖವನ್ನು ಭಾಗವತದ ಗೋಪಿಯರು 'ಕುಟಿಲಕುಂತಲಂ ಶ್ರೀಮುಖಂ' ಎಂದು ಹಾಡುತ್ತಾರೆ, ಎಂದರೆ ಗುಂಗುರು ಕೂದಲಿನ ಚೆಲುವ ಮುಖ. ಶ್ರವಣಬೆಳಗೊಳದ ಗೊಮ್ಮಟನ ತಲೆಯ ಮೇಲೆ ಸಾಲುಸಾಲಾಗಿ ಸಣ್ಣ ಸುರುಳಿಗಳು. ಸಾವಿರ ವರ್ಷದಿಂದ ನಾಡೇ ಹೋಗಿ ಆ ಗುಂಗುರು ತಲೆಗೆ ಹಾಲೆರೆದು ಬರುತ್ತಿದೆ. ಅಷ್ಟೇಕೆ, ಬನವಾಸಿ, ಬಳ್ಳಿಗಾವಿಗಳನ್ನು ಒಳಗೊಂಡ ನಮ್ಮ ಈ ಸೀಮೆಯನ್ನು ಹಳೆಯ ಶಾಸನಗಳು ಕರೆದದ್ದೇ ಕುಂತಳ ದೇಶವೆಂದು. ಕುಂತಳ ಎಂದರೆ ಕೂದಲು. ಕೂದಲಿನ ಹೆಸರಿನ ನಾಡಿನಲ್ಲಿ ಹುಟ್ಟಿ ಕೂದಲಿಗೆ ನಾಚುವ ಹಾಗಾಯಿತಲ್ಲ ನಮ್ಮ ಹುಡುಗಿಯರಿಗೆ!

ಹಾಗಾದರೆ ಹಳಬರಿಗೆ ಸುರುಳಿಯ ಮೇಲೆ ಸಿಟ್ಟಿರಲಿಲ್ಲ. ಅವರ ಸಿಟ್ಟು ಕೆದರಿದ ತಲೆಯ ಮೇಲೆ. ನಮ್ಮಲ್ಲಿ ಹೆಣ್ಣು ತಲೆ ಬಿಚ್ಚಿಕೊಳ್ಳುವುದು ಸಾವಿನ ಮನೆಯಲ್ಲಿ, ಮೈಮೇಲೆ ದೇವರು ಬಂದಾಗ, ದ್ರೌಪದಿಯ ಹಾಗೆ ಶಪಥ ಮಾಡಿದಾಗ. ಯಕ್ಷಗಾನ ನೋಡಿದವರಿಗೆ ಹೇಳಬೇಕಿಲ್ಲ. ಕೂದಲು ಹರಡಿಕೊಂಡು ಅಬ್ಬರಿಸುತ್ತ ಬರುವ ಶೂರ್ಪನಖಿ, ರಾಮನನ್ನು ಒಲಿಸಿಕೊಳ್ಳಲು ಮಾಯಾಶೂರ್ಪನಖಿಯಾದ ಕೂಡಲೇ ನೀಟಾಗಿ ಬಾಚಿ ಹೂ ಮುಡಿದು ಬರುತ್ತಾಳೆ. ಮೊದಲ ಸ್ಮೂದನಿಂಗ್ ಅವಳದೇ ಇರಬೇಕು. ಮುಂಗುರುಳು ಯಾಕೆ ಚೆಂದ? ಬಿಗಿದು ಕಟ್ಟಿದ ತುರುಬಿನಿಂದ ನಾಲ್ಕೇ ನಾಲ್ಕು ಎಳೆ ತಪ್ಪಿಸಿಕೊಂಡಿವೆ ಎಂಬುದಕ್ಕೆ ಚೆಂದ. ನಾಲ್ಕೆಳೆ ತಪ್ಪಿಸಿಕೊಂಡರೆ ಲಾವಣ್ಯ, ತಲೆಗೆ ತಲೆಯೇ ತಪ್ಪಿಸಿಕೊಂಡರೆ ಹದ್ದುಮೀರಿದ ಹೆಣ್ಣು. ಗುಂಗುರು ಕೂದಲು ಎಷ್ಟೇ ಶುಚಿಯಾಗಿದ್ದರೂ ದೂರದಿಂದ ಕೆದರಿದ ಹಾಗೆ ಕಾಣುತ್ತದೆ. ಅಲ್ಲಿ ಬಂದಿರುವುದು ಪೇಚು. ಅದೇ ಕೂದಲು ಗಂಡುಮಗುವಿಗಿದ್ದರೆ 'ಕೃಷ್ಣನ ಹಾಗಿದ್ದಾನೆ' ಎಂದು ದೃಷ್ಟಿ ತೆಗೆಯುತ್ತೇವೆ. ಹೆಣ್ಣುಮಗುವಿಗಿದ್ದರೆ ನಾಮಕರಣಕ್ಕೆ ಬಂದವರೇ 'ಅಯ್ಯೋ, ಜಡೆ ಹೆಂಗೆ ಹಾಕ್ತೀರಿ' ಅನ್ನುತ್ತಾರೆ. ಮಗು ಇನ್ನೂ ತೊಟ್ಟಿಲಲ್ಲೇ ಇರುತ್ತದೆ!

ನಿಮ್ಮ ಅತ್ತೆಯವರ ಹೆದರಿಕೆಗೆ ಇನ್ನೊಂದು ಬೇರೂ ಇದೆ, ಅದು ನಮ್ಮ ಜಿಲ್ಲೆಯದೇ. ಸೊರಬದ ಚಂದ್ರಗುತ್ತಿಯ ರೇಣುಕಾಂಬೆಗೆ ನಡೆದುಕೊಳ್ಳುವ ಮನೆಗಳಲ್ಲಿ, ಹಾಗೆಯೇ ಸವದತ್ತಿ ಎಲ್ಲಮ್ಮನ ಒಕ್ಕಲಿನಲ್ಲಿ, ಹೆಣ್ಣುಮಗಳ ತಲೆಯಲ್ಲಿ ಜಡೆಗಟ್ಟಿದರೆ ಅದು ದೇವಿ ಕೊಟ್ಟ ಜಡೆ, ಕತ್ತರಿಸಬಾರದು ಎಂಬ ನಂಬಿಕೆ ಇತ್ತು. ಅಂಥ ಹುಡುಗಿಯರನ್ನು ದೇವಿಗೆ ಬಿಟ್ಟದ್ದೂ ಉಂಟು. ಅದನ್ನು ಕಂಡು ಬೆಳೆದ ತಲೆಮಾರಿಗೆ ಬಾಚದ ತಲೆ ಎಂದರೆ ಒಳಗೊಳಗೇ ನಡುಕ. ವೈದ್ಯಕೀಯವಾಗಿ ಹೇಳುವುದಾದರೆ, ಕೂದಲನ್ನು ತಿಂಗಳುಗಟ್ಟಲೆ ತೊಳೆಯದೆ, ಸಿಕ್ಕು ಬಿಡಿಸದೆ ಬಿಟ್ಟರೆ ಎಳೆಗಳು ಬೆವರು, ಕೊಳೆ ಸೇರಿ ಒಂದಕ್ಕೊಂದು ಗಂಟುಬಿದ್ದು ಉಣ್ಣೆಯ ಹಾಗೆ ಗಟ್ಟಿಯಾಗುತ್ತವೆ. ಗುಂಗುರು ಕೂದಲಿನಲ್ಲಿ ಇದು ಬೇಗ ಆಗುತ್ತದೆ. ವಾರಕ್ಕೆ ಎರಡು ಸಲ ತಲೆಗೆ ನೀರು ಹಾಕಿಕೊಂಡು ಬೆರಳಿನಿಂದ ಸಿಕ್ಕು ಬಿಡಿಸಿಕೊಳ್ಳುತ್ತಿದ್ದರೆ ನಿಮ್ಮ ಮಗಳಿಗೆ ಖಂಡಿತ ಆಗುವುದಿಲ್ಲ. ಅತ್ತೆಯವರಿಗೆ ಇದನ್ನು ಬಾಯಲ್ಲಿ ಹೇಳಬೇಡಿ. ತಲೆಗೆ ನೀರು ಹಾಕುವ ದಿನ ಮಗಳ ಪಕ್ಕ ಕೂರಿಸಿ, ಅವರ ಕೈಯಿಂದಲೇ ಒಂದು ಪಾಲು ಬಿಡಿಸಲು ಕೊಡಿ.

ಹೊಸ ಪದರ ಟಿವಿಯದು. 90ರ ದಶಕದಲ್ಲಿ ಹಳ್ಳಿಹಳ್ಳಿಗೂ ಕೇಬಲ್ ಬಂತು, ಜೊತೆಗೆ ಶಾಂಪೂ ಜಾಹೀರಾತು. ಹುಡುಗಿ ನೆತ್ತಿಯ ಮೇಲೆ ಬಾಚಣಿಗೆ ಇಟ್ಟು ಕೈಬಿಡುತ್ತಾಳೆ, ಅದು ತಾನಾಗಿಯೇ ಜಾರಿ ಕೆಳಗೆ ಬೀಳುತ್ತದೆ. ಆ ಬಾಚಣಿಗೆಯನ್ನು ನನ್ನ ತಲೆಯಲ್ಲಿ ಇಟ್ಟಿದ್ದರೆ ದೀಪಾವಳಿವರೆಗೂ ಅಲ್ಲೇ ನಿಂತಿರುತ್ತಿತ್ತು. ಅಲ್ಲಿಂದ 'ಸಿಲ್ಕಿ' ಎಂಬ ಪದ ನಮ್ಮ ಅಡುಗೆಮನೆಗೂ ಬಂತು. ಅಜ್ಜಿಯರ ಕಾಲದಲ್ಲಿ ಕೂದಲು ದಟ್ಟವಾಗಿ, ಉದ್ದವಾಗಿ, ಕಪ್ಪಾಗಿ ಇದ್ದರೆ ಸಾಕಿತ್ತು. ಎಣ್ಣೆ ಜಡೆಯೊಳಗೆ ಅದು ನೇರವೋ ಸುರುಳಿಯೋ ಯಾರಿಗೆ ಗೊತ್ತಾಗುತ್ತಿತ್ತು? ಎಣ್ಣೆ ಹೋಗಿ, ಜಡೆ ಹೋಗಿ, ಕೂದಲು ಬಿಟ್ಟುಕೊಳ್ಳುವುದೇ ಫ್ಯಾಷನ್ ಆದ ಮೇಲೆ ನೇರ ಕೂದಲಿನವರಿಗೆ ಮಾತ್ರ ರಿಯಾಯಿತಿ ಸಿಕ್ಕಿತು. ಅವರದು 'ಫ್ರೀ ಹೇರ್', ನಮ್ಮದು ಗುಬ್ಬಿಗೂಡು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಅಪ್ರಾಮಾಣಿಕಳಾಗುತ್ತೇನೆ. ಹೆಣ್ಣು ನೋಡಿ ಬಂದವರು 'ಬಣ್ಣ ಸ್ವಲ್ಪ ಕಮ್ಮಿ, ಕೂದಲು ಗುಂಗುರು' ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಕೂದಲಿನ ಮಾತಿನ ಹಿಂದೆ ಬಣ್ಣದ ಮಾತು, ಅದರ ಹಿಂದೆ ಜಾತಿಯ ಮಾತು ಕೂತಿರುತ್ತದೆ. ನಮ್ಮ ಪಕ್ಕದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ, ಕನ್ನಡ, ಕೊಂಕಣಿ ಮಾತಾಡುವ ನಮ್ಮವರೇ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಅವರ ಮಕ್ಕಳ ತಲೆಗೆ ಕೇಳದೆ ಕೈಹಾಕಿ ಮುಟ್ಟಿ ನೋಡುವವರಿದ್ದಾರೆ. ನನಗೆ ಶಾಲೆಯಲ್ಲಿ ಅಡ್ಡಹೆಸರಷ್ಟೇ ಬಿತ್ತು. ಅವರಿಗೆ ಅದೇ ಕೂದಲಿಗೆ ಬೀಳುವ ಏಟೇ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ, ಕೂದಲಿನ ಸ್ವರೂಪ ನೋಡಿ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡುವಂತಿಲ್ಲ ಎಂದು ಕ್ರೌನ್ ಕಾಯ್ದೆ ತಂದಿತು. ಆಮೇಲೆ ಬೇರೆ ರಾಜ್ಯಗಳೂ ತಂದವು. ಕಾನೂನು ತರುವಷ್ಟು ದೊಡ್ಡ ವಿಷಯವೇ ಇದು ಎಂದು ನಗುವ ಮೊದಲು ಆ ಹಾಸ್ಟೆಲಿನ ಹುಡುಗಿಯನ್ನು ನೆನೆಸಿಕೊಳ್ಳಿ.

ಸರಿ, ಪಾರ್ಲರ್. 'ಕೆಮಿಕಲ್ಲೇ ಇಲ್ಲ' ಎಂದವರಿಗೆ ನೀರೂ ಒಂದು ಕೆಮಿಕಲ್ಲೇ ಎನ್ನಬಹುದು, ಆದರೆ ವಾದ ಬೇಡ. ನಮ್ಮೂರಲ್ಲಿ ಸ್ಟ್ರೈಟನಿಂಗ್, ಸ್ಮೂದನಿಂಗ್, ಕೆರಾಟಿನ್, ಬೊಟಾಕ್ಸ್, ನ್ಯಾನೊಪ್ಲಾಸ್ಟಿಯಾ ಎಂಬ ಹೆಸರುಗಳನ್ನು ಮನಸ್ಸಿಗೆ ಬಂದಂತೆ ಬಳಸುತ್ತಾರೆ. ಒಳಗೆ ನಡೆಯುವುದು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕೂದಲೊಳಗಿನ ಗಂಧಕದ ಕೊಂಡಿಗಳನ್ನು ಮುರಿಯುತ್ತದೆ. ಇವು ನೀರಿಗೆ ಬಿಚ್ಚದ, ಗಟ್ಟಿ ಕೊಂಡಿಗಳು. ಕೂದಲನ್ನು ಕಾದ ಇಸ್ತ್ರಿಯಿಂದ ನೇರ ಮಾಡಿ, ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ಅದೇ ಸ್ಥಿತಿಯಲ್ಲಿ ಮತ್ತೆ ಬೆಸೆಯುತ್ತಾರೆ. ಇನ್ನೊಂದರಲ್ಲಿ ಕೊಂಡಿ ಮುರಿಯುವ ಬದಲು, ಬಿಸಿಯ ಜೊತೆ ಫಾರ್ಮಾಲ್ಡಿಹೈಡ್ ಅಥವಾ ಅದನ್ನು ಬಿಡುಗಡೆ ಮಾಡುವ ವಸ್ತು ಬಳಸಿ ಎಳೆಯನ್ನು ನೇರವಾಗಿಯೇ ಬಿಗಿಯುತ್ತಾರೆ. ಇಸ್ತ್ರಿ ಆಡಿಸುವಾಗ ಕಣ್ಣು, ಮೂಗು ಉರಿದರೆ ಅದು ಈ ಬಗೆ ಎಂದೇ ಅನುಮಾನಿಸಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ. ಪಾಪ, ದಿನವಿಡೀ ಆ ಹೊಗೆ ಕುಡಿಯುವ ಪಾರ್ಲರಿನ ಹುಡುಗಿಯರ ಬಗ್ಗೆ ನನಗೆ ನಿಮ್ಮ ಮಗಳಿಗಿಂತ ಹೆಚ್ಚು ಚಿಂತೆ.

'ಫಾರ್ಮಾಲ್ಡಿಹೈಡ್ ಇಲ್ಲ' ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಆ ಜಾಗದಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುವುದು ಈಗ ಸಾಮಾನ್ಯ. 2024ರಲ್ಲಿ ಫ್ರಾನ್ಸಿನ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು. ಟ್ಯುನೀಷಿಯಾದ 26 ವರ್ಷದ ಮಹಿಳೆಗೆ ಮೂರು ಸಲ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, ಮೂರು ಸಲವೂ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡ ದಿನವೇ ತೊಂದರೆ ಶುರುವಾಗಿತ್ತು. ಬಳಸಿದ ಕ್ರೀಮಿನಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇತ್ತು. ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದಾಗ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಸಿಕ್ಕವು. ಇದು ಎಲ್ಲರಿಗೂ ಆಗುವುದಲ್ಲ, ವಿರಳ. ಇನ್ನೊಂದು ದೊಡ್ಡ ಅಧ್ಯಯನ ಅಮೆರಿಕದ್ದು, 2022ರದ್ದು, 33,497 ಮಹಿಳೆಯರದು. ಕೂದಲು ನೇರ ಮಾಡುವ ಉತ್ಪನ್ನಗಳನ್ನು ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64 ಇದ್ದರೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸುವವರಲ್ಲಿ ಶೇ 4.05 ಎಂದು ಅಂದಾಜಿಸಿದರು. ಒಂದು ಇನ್ನೊಂದಕ್ಕೆ ಕಾರಣ ಎಂದು ಇದು ಸಾಬೀತು ಮಾಡುವುದಿಲ್ಲ. ಅಲ್ಲಿನ ಉತ್ಪನ್ನಗಳೂ ನಮ್ಮವೂ ಒಂದೇ ಅಲ್ಲ. ಒಮ್ಮೆ ಮಾಡಿಸಿದವರು ಇದನ್ನು ಓದಿ ರಾತ್ರಿ ನಿದ್ದೆಗೆಡಬೇಕಿಲ್ಲ. ಆದರೆ ಮದುವೆಯ ಫೋಟೋಗಾಗಿ, ಬೇಡ ಎನ್ನುತ್ತಿರುವ ಹುಡುಗಿಗೆ, ನಾನಂತೂ ಶಿಫಾರಸು ಮಾಡಲಾರೆ. ಬಸುರಿಯರಿಗೆ, ಹಾಲೂಡಿಸುವವರಿಗೆ ಮೊದಲಿನಿಂದಲೂ ಬೇಡ ಎಂದೇ ಹೇಳುತ್ತೇನೆ.

ಆರೋಗ್ಯದ ಮಾತು ಬಿಟ್ಟರೂ ಶಾವಿಗೆ ಒರಳು ಇದೆಯಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ವೈಶಾಖದಲ್ಲಿ ಮದುವೆ, ಮೊದಲ ದೀಪಾವಳಿಗೆ ಅಳಿಯ ಮಗಳು ಮನೆಗೆ ಬರುವ ಹೊತ್ತಿಗೆ ನೆತ್ತಿಯಿಂದ ಆರು ಸೆಂಟಿಮೀಟರ್ ಗುಂಗುರು, ಅದರ ಕೆಳಗೆ ಕಡ್ಡಿಯ ಹಾಗೆ ನೇರ. ಎರಡೂ ಸೇರುವ ಜಾಗದಲ್ಲಿ ಎಳೆ ಸುಲಭವಾಗಿ ಮುರಿಯುತ್ತದೆ. ನೋಡಲು ಅಸಹ್ಯ ಅನ್ನಿಸಿ ಮತ್ತೆ ಪಾರ್ಲರಿಗೆ ಓಡಬೇಕು. ಮೊದಲ ಸಲದ್ದು ನಿಮ್ಮ ಆಯ್ಕೆ, ಎರಡನೆಯದರಿಂದ ಅದು ಕಂತು.

ಬಾಚುವ ವಿಷಯಕ್ಕೆ ಬರೋಣ. ಮಗಳು ಅನುಸರಿಸುತ್ತಿರುವ ಪದ್ಧತಿ ಅಮೆರಿಕದಿಂದ ಬಂದದ್ದು. 'ನಂದು 3ಬಿ' ಎಂದು ಅವಳು ಹೇಳಿದರೆ ಗಾಬರಿಯಾಗಬೇಡಿ, ಅದು ರಕ್ತದ ಗುಂಪಲ್ಲ. ಅಲ್ಲಿನ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಕೇಶವಿನ್ಯಾಸಕ ಆಂಡ್ರೆ ವಾಕರ್ 90ರ ದಶಕದಲ್ಲಿ ಮಾಡಿದ ಕೂದಲಿನ ಬಗೆಗಳ ವಿಂಗಡಣೆ, ವೈದ್ಯಕೀಯಕ್ಕೆ ಸಂಬಂಧವಿಲ್ಲ. ಪದ್ಧತಿಯ ತಿರುಳು ಮಾತ್ರ ಸರಿಯಾಗಿದೆ: ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಬೇಡ. ಒದ್ದೆ ಇರುವಾಗ, ಜಾರಲು ಏನಾದರೂ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆ ಅಥವಾ ಬೆರಳಿನಿಂದ, ತುದಿಯಿಂದ ಶುರು ಮಾಡಿ ಮೇಲೆ ಮೇಲೆ ಹೋಗಬೇಕು. ಬಾಚದೇ ಇರುವುದು ಎಂದರೆ ಇಷ್ಟೇ ಆಗಿದ್ದರೆ ಅವಳು ಸರಿ. ಒದ್ದೆಯಲ್ಲೂ ಬಿಡಿಸುತ್ತಿಲ್ಲ ಎಂದಾದರೆ ಅತ್ತೆ ಸರಿ.

ಜಾರಲು ಹಚ್ಚುವುದಕ್ಕೆ ಸಾವಿರ ರೂಪಾಯಿಯ ಡಬ್ಬಿಯೇ ಬೇಕೆಂದಿಲ್ಲ. ಹಿತ್ತಲಿನ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿದರೆ ಬರುವ ಗೊಂಪು ಇದೆಯಲ್ಲ, ಅದರ ಲೋಳೆ ಎಳೆಗಳ ಮೇಲೆ ತೆಳುವಾಗಿ ಕೂತು ಸಿಕ್ಕು ಬಿಡಿಸಲು ಅನುಕೂಲ ಮಾಡುತ್ತದೆ. ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯೂ ಅಷ್ಟೇ, ಮಗಳು ಅದನ್ನೇ 'ಜೆಲ್' ಎನ್ನುತ್ತಿರಬಹುದು. ಕೊಬ್ಬರಿ ಎಣ್ಣೆಯನ್ನು ತಲೆಗೆ ನೀರು ಹಾಕುವ ಮುಂಚೆ ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟ ಕಡಿಮೆಯಾಗುತ್ತದೆ ಎಂದು 2003ರ ಒಂದು ಅಧ್ಯಯನ ತೋರಿಸಿತ್ತು. ಮಾಡಿದವರು ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದೂ ತಿಳಿದಿರಲಿ. ಆದರೂ ನಾನು ಹಚ್ಚುತ್ತೇನೆ. ದಪ್ಪ ಟವೆಲಿನಿಂದ ತಿಕ್ಕಿ ಒರೆಸಬಾರದು, ಹಳೆಯ ಕಾಟನ್ ಟೀ ಶರ್ಟಿನಲ್ಲಿ ಒತ್ತಬೇಕು ಎಂದು ವಿಡಿಯೋದಲ್ಲಿ ಹೇಳುತ್ತಾರೆ. ನಮ್ಮ ಪಾಣಿಪಂಚೆ ಮತ್ತೆ ಯಾತಕ್ಕಿದೆ? ಮಳೆಗಾಲದಲ್ಲಿ ಗ್ಲಿಸರಿನ್ ಜಾಸ್ತಿ ಇರುವ ಕ್ರೀಮು ಬೇಡ, ಅದು ಗಾಳಿಯ ತೇವ ಎಳೆದುಕೊಂಡು ತಲೆಯನ್ನು ಇನ್ನಷ್ಟು ಉಬ್ಬಿಸುತ್ತದೆ. ಬೆಂಗಳೂರಿನ ಬೋರ್‌ವೆಲ್ ಗಡಸು ನೀರಿಗೂ ನಿಮ್ಮ ಬಾವಿಯ ಮೆದು ನೀರಿಗೂ ಕೂದಲು ಬೇರೆ ಬೇರೆಯಾಗಿ ವರ್ತಿಸುತ್ತದೆ, ಊರಿಗೆ ಬಂದಾಗ ಶಾಂಪೂ ಸ್ವಲ್ಪ ಸಾಕು. ಒದ್ದೆ ಕೂದಲನ್ನು ಬಿಗಿದು ಕಟ್ಟುವುದು ಮಾತ್ರ ಬೇಡವೇ ಬೇಡ. ಜೂನ್ ತಿಂಗಳಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳ ಎರಡು ಜಡೆಯೊಳಗಿಂದ ಬರುವ ಮುಗ್ಗಲು ವಾಸನೆ ನಿಮಗೆ ಗೊತ್ತು. ಕೂದಲಿಗೆ ಮರಳಿನ ಕಾಳಿನಂತೆ ಅಂಟಿಕೊಳ್ಳುವ ಬಿಳಿ ಪೀಡ್ರಾ ಎಂಬ ಶಿಲೀಂಧ್ರ ಸೋಂಕು ಬೆಳೆಯುವುದು ಅಂಥ ಕಡೆ. ಜಗ್ಗಿ ಜಗ್ಗಿ ಕಟ್ಟಿದ ಜಡೆಯಿಂದ ಹಣೆಯ ಅಂಚಿನ ಕೂದಲು ಉದುರಿ ಬರುವ ಹುಡುಗಿಯರನ್ನಂತೂ ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ.

ತಲೆಗೆ ನೀರು ಹಾಕಿದ ದಿನ ಒಂದು ಹಿಡಿ ಕೂದಲು ಉದುರಿದರೆ ಹೆದರಬೇಡಿ. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ದಿನಾ ಬಾಚುವವರದು ದಿನಾ ಹೋಗುತ್ತದೆ, ಗುಂಗುರಿನವರದು ಸುರುಳಿಯೊಳಗೇ ಸಿಕ್ಕಿಕೊಂಡಿದ್ದು ಮೂರು ದಿನದ್ದು ಒಟ್ಟಿಗೆ ಬರುತ್ತದೆ.

ಕೊನೆಗೆ ಜಡೆ. ಸ್ಮೂದನಿಂಗ್ ಮಾಡಿಸಿದ ಕೂದಲಿಗೆ ಹಿಡಿತ ಇರುವುದಿಲ್ಲ. ಚೌರಿ ಸೇರಿಸಿ ಹೆಣೆದು, ಅದರ ಮೇಲೆ ಮೊಗ್ಗಿನ ಜಡೆಯ ಭಾರ ಹೇರಿದರೆ ಧಾರೆಯ ಹೊತ್ತಿಗೆ ಜಾರತೊಡಗುತ್ತದೆ, ಪಿನ್ನು ನಿಲ್ಲುವುದಿಲ್ಲ. ಗುಂಗುರು ಕೂದಲು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಕಡಿಮೆ ಪಿನ್ನಿನಲ್ಲಿ ಜಡೆ ತುಂಬಿಕೊಂಡು ದಪ್ಪಗೆ ಕಾಣುತ್ತದೆ. ಹೆಣೆಯುವವರಿಗೆ ಗೊತ್ತಿರಬೇಕಾದ್ದು ಒಂದೇ, ಒಣ ಕೂದಲಿಗೆ ಬ್ರಶ್ ಹಾಕಬಾರದು. ಮದುವೆಗೆ ಎರಡು ವಾರ ಇರುವಾಗ ಅವರನ್ನು ಮನೆಗೆ ಕರೆಸಿ ಒಮ್ಮೆ ಹೆಣೆಸಿ ನೋಡಿ. ಹಿಂದಿನ ರಾತ್ರಿ ಎಣ್ಣೆ, ಬೆಳಿಗ್ಗೆ ತಲೆಗೆ ನೀರು, ಗೊಂಪು ಅಥವಾ ಕಂಡಿಷನರ್ ಹಾಕಿ ಸಿಕ್ಕು ಬಿಡಿಸಿ, ನೆರಳಲ್ಲಿ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಬೆರಳಿನಿಂದಲೇ ಪಾಲು ಮಾಡಿ ಹೆಣೆಯಲಿ. ಹಣೆಯ ಮೇಲಿನ ನಾಲ್ಕು ಎಳೆಯನ್ನು ಜೆಲ್ ಹಾಕಿ ಅಂಟಿಸಲು ಹೊರಟರೆ ಬೇಡವೆನ್ನಿ. ಜಡೆ ಮುಗಿದ ಮೇಲೆ ಒಂದು ಫೋಟೋ ತೆಗೆದು ಹುಡುಗನ ಅಕ್ಕನಿಗೆ ಕಳಿಸಿ, ಬೇರೇನೂ ಬರೆಯಬೇಡಿ. ಅವತ್ತು ಚೌರಿ ಹಿಡಿದುಕೊಂಡು ಪಕ್ಕದಲ್ಲಿ ಕೂರುವ ಕೆಲಸ ನಿಮ್ಮ ಅತ್ತೆಯವರಿಗಿರಲಿ.